ಮುನೀಂದ್ರನ ಐವತ್ತು

ಅಚ್ಚಾದದ್ದೆಲ್ಲ ಸತ್ಯ ಎಂದು ತಲೆಬಾಗುವ ಪೈಕಿಯವನಲ್ಲ ಹಲಸೂರಿನ ಶಾಮಿಯಾನ ಮುನೀಂದ್ರ. ಲಗ್ನಪತ್ರಿಕೆಯಲ್ಲಿ ಮುಹೂರ್ತ ಹತ್ತೂವರೆಗೆ ಎಂದು ಅಚ್ಚಾಗಿದ್ದರೂ ಕೊರಳಿಗೆ ತಾಳಿ ಬೀಳುವುದು ಹನ್ನೊಂದೂಕಾಲಿಗೆ ಎಂಬುದನ್ನು ತಾನೇ ಬಾಡಿಗೆಗೆ ಕೊಟ್ಟ ಶಾಮಿಯಾನದ ಕೆಳಗೆ ನಿಂತು ವರ್ಷಗಟ್ಟಲೆ ನೋಡಿದವನು. ಆದ್ದರಿಂದ ಹತ್ತನೇ ತರಗತಿಯ ಗಣಿತ ಪುಸ್ತಕದ ಹಿಂಭಾಗದ ಉತ್ತರ ತನ್ನ ಉತ್ತರಕ್ಕೆ ಹೊಂದದೆ ಹೋದಾಗ ತಪ್ಪು ಯಾರದು ಎಂಬ ವಿಷಯದಲ್ಲಿ ಅವನಿಗೆ ಅನುಮಾನವೇ ಬರಲಿಲ್ಲ.

ಆದದ್ದಿಷ್ಟು. ಒಂದು ಭಾನುವಾರ ಹೆಂಡತಿ ಯಮುನಾಳ ಅಣ್ಣ ಪ್ರೇಮ್‌ಕುಮಾರ್ ಮಹದೇವಪುರದಿಂದ ಕಾರಿನಲ್ಲಿ ತಾಯಿ ಪಟಾಲಮ್ಮನನ್ನು ಕೂರಿಸಿಕೊಂಡು ಊಟಕ್ಕೆ ಬಂದಿದ್ದ. ಪ್ರೇಮ್‌ಕುಮಾರ್ ತನ್ನ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಲಿಫ್ಟ್ ಕೆಟ್ಟರೂ ಅವನನ್ನೇ ಕೇಳಬೇಕು, ನಾಯಿ ಬೊಗಳಿದರೂ ಅವನನ್ನೇ ಕೇಳಬೇಕು. ಹೀಗಾಗಿ ಬೇರೆಯವರ ಮನೆಗೆ ಹೋದಾಗಲೂ ಯಾರಾದರೂ ತನ್ನನ್ನು ಏನಾದರೂ ಕೇಳಲಿ ಎಂದು ಕಾಯುತ್ತಿದ್ದ. ಯಾರೂ ಕೇಳದಿದ್ದಾಗ ತಾನೇ ಕೇಳುತ್ತಿದ್ದ.

“ಹಂಸಾ, ಮ್ಯಾಥ್ಸಲ್ಲಿ ಎಷ್ಟು ಬಂತಮ್ಮಾ?”

ಹಂಸ ಮುದ್ದೆಯ ತುತ್ತನ್ನು ಸಾರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹೊರಳಿಸಿದಳು. “ಎಂಬತ್ತಕ್ಕೆ ಇಪ್ಪತ್ತಾರು ಮಾವ.”

“ಯಮುನಾ, ಇವಳನ್ನ ನಮ್ಮನೇಗೆ ಕಳಿಸ್ಬಿಡು,” ಎಂದ ಪ್ರೇಮ್‌ಕುಮಾರ್, ಕೋಳಿ ತೊಡೆಯನ್ನೂ ಸಮಸ್ಯೆಯನ್ನೂ ಒಟ್ಟಿಗೇ ಕೈಗೆತ್ತಿಕೊಂಡು. “ಪರೀಕ್ಷೆ ಮುಗಿಯೋವರ್ಗೂ ಅಲ್ಲೇ ಇರ್ಲಿ. ನಮ್ಮ ಬ್ಲಾಕ್ ಕೆಳಗೇ ಕೋಚಿಂಗ್ ಇದೆ, ಎ.ಸಿ. ರೂಮು. ಇಲ್ಲಿ ಏನಿದೆ? ಹಗಲೆಲ್ಲಾ ಕಬ್ಬಿಣದ ಕುರ್ಚಿ ಸದ್ದು.”

ಯಮುನಾ ಹೂಂ ಎಂದು ತಲೆಯಾಡಿಸಿದಳು. ಹಂಸ ತಟ್ಟೆ ಬಿಟ್ಟು ಅಪ್ಪನ ಮುಖ ನೋಡಿದಳು. ಹುಟ್ಟಿದಾಗಿನಿಂದ ಮುತ್ತಜ್ಜಿ ಮುನಿಶಾಮಮ್ಮನ ಸೆರಗು ಹಿಡಿದು ಮಲಗುವ ಹುಡುಗಿ ಅವಳು. ಅವಳಿಲ್ಲದ ಮನೆಯನ್ನು ಮುನೀಂದ್ರನಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಸಂಕಟವಾದಾಗ ಅವನು ಜಂಬ ಕೊಚ್ಚುತ್ತಿದ್ದ. ಅದು ಅವನ ಅಭ್ಯಾಸ.

“ಯಾಕ್ರೀ ಭಾವ, ನಾನಿಲ್ವಾ ಹೇಳ್ಕೊಡೋಕೆ? ಲೆಕ್ಕದಲ್ಲಿ ನಾನು ಸ್ಕೂಲಿಗೇ ಫಸ್ಟು!”

ಇದು ಪೂರಾ ಸುಳ್ಳೇನಲ್ಲ. ಮೂರನೇ ಸಲ ಕೂತು ಪಾಸಾದವರ ಪೈಕಿ ಅವನೇ ಮೊದಲಿಗ.

“ಹಾಗಾದ್ರೆ ಒಂದು ಲೆಕ್ಕ ಮಾಡಿ ತೋರ್ಸು,” ಎಂದ ಪ್ರೇಮ್‌ಕುಮಾರ್. ಹಂಸ ಪುಸ್ತಕ ತಂದು, ತನ್ನನ್ನು ಕೆಡವಿದ ಲೆಕ್ಕವನ್ನೇ ಓದಿದಳು. ಒಂದು ತರಗತಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಮೂರಕ್ಕೆ ಒಂದರ ಅನುಪಾತ. ಹುಡುಗರ ಸರಾಸರಿ ಅಂಕ ನಲವತ್ತು, ಹುಡುಗಿಯರ ಸರಾಸರಿ ಅರವತ್ತು. ಇಡೀ ತರಗತಿಯ ಸರಾಸರಿ ಎಷ್ಟು?

ಮುನೀಂದ್ರ ಕೈ ತೊಳೆಯುವುದಕ್ಕೂ ಏಳಲಿಲ್ಲ. “ನಲವತ್ತು, ಅರವತ್ತು. ಕೂಡಿದ್ರೆ ನೂರು. ಎರಡು ಭಾಗ ಮಾಡು. ಐವತ್ತು. ಮುಂದಿಂದು ಓದು.”

ಹಂಸ ಪುಸ್ತಕದ ಕೊನೆಯ ಪುಟ ತಿರುವಿದಳು. “ನಲವತ್ತೈದು ಅಂತಿದೆಯಪ್ಪಾ.”

“ಪುಸ್ತಕ ತಪ್ಪು.”

ಪ್ರೇಮ್‌ಕುಮಾರ್ ನಕ್ಕ ರಭಸಕ್ಕೆ ಸಾರು ನೆತ್ತಿಗೇರಿತು. ಪಟಾಲಮ್ಮ ಮಗನ ತಲೆ ತಟ್ಟಿದಳು. ಕೆಮ್ಮು ನಿಂತ ಮೇಲೆ, “ಮಾವ, ನಲವತ್ತೈದು ಹೇಗ್ ಬರುತ್ತೆ?” ಎಂದು ಹಂಸ ನಿಜವಾದ ಆಸೆಯಿಂದಲೇ ಕೇಳಿದಳು.

“ಅದು... ಅದಕ್ಕೊಂದು ಫಾರ್ಮುಲಾ ಇದೆಯಮ್ಮಾ. ಕೋಚಿಂಗಲ್ಲಿ ಹೇಳ್ಕೊಡ್ತಾರೆ,” ಎಂದು ಪ್ರೇಮ್‌ಕುಮಾರ್ ನೀರು ಕುಡಿದ. ಆಮೇಲೆ ಮಾತು ಬದಲಿಸಿ, ಮುಂದಿನ ಭಾನುವಾರ ಕೆರೆ ಪಕ್ಕದ ಮೈದಾನದಲ್ಲಿ ನಡೆಯುವ ಹಿರಿಯರ ಹಗ್ಗಜಗ್ಗಾಟಕ್ಕೆ ತಮ್ಮ ಅಪಾರ್ಟ್‌ಮೆಂಟಿನ ತಂಡ ಬರುತ್ತಿದೆ, ತಾನೇ ಕ್ಯಾಪ್ಟನ್ ಎಂದ. ತಂಡಕ್ಕೆ ಎಂಟು ಜನ. ಒಬ್ಬೊಬ್ಬರಿಗೆ ವಯಸ್ಸಿನ ಮಿತಿ ಏನಿಲ್ಲ, ಎಂಟೂ ಜನರ ಸರಾಸರಿ ಮಾತ್ರ ಐವತ್ತಕ್ಕೆ ಕಮ್ಮಿ ಇರಬಾರದು.

ಸರಾಸರಿ, ಐವತ್ತು. ಎರಡೂ ಶಬ್ದ ಒಟ್ಟಿಗೇ ಕಿವಿಗೆ ಬಿದ್ದಾಗ ಮುನೀಂದ್ರನಿಗೆ ದೇವರೇ ದಾರಿ ತೋರಿದಂತಾಯಿತು.

“ಭಾವ, ನಾನೂ ಒಂದು ತಂಡ ತರ್ತೀನಿ. ಪುಸ್ತಕದ ಲೆಕ್ಕದ ಥರಾನೇ. ನಲವತ್ತರ ಸರಾಸರಿಯೋರು ಆರು ಜನ, ಅರವತ್ತರ ಸರಾಸರಿಯೋರು ಇಬ್ರು. ಮೂರಕ್ಕೆ ಒಂದು! ಅಲ್ಲಿ ವಯಸ್ಸು ನೋಡೋ ಟೇಬಲ್ ಹತ್ರ ಐವತ್ತು ಅಂತ ಒಪ್ಪಿದ್ರೆ ಹಂಸ ಇಲ್ಲೇ ಇರ್ತಾಳೆ.”

“ಒಪ್ಪದಿದ್ರೆ ಅವತ್ತು ಸಂಜೆ ನನ್ನ ಕಾರಲ್ಲೇ ಬರ್ತಾಳೆ,” ಎಂದ ಪ್ರೇಮ್‌ಕುಮಾರ್.

“ಬರ್ಲಿ.”

ಆಡಿದ ಮಾತು ಒಡೆದ ಮುತ್ತು. ಹಂಸ ಪುಸ್ತಕ ಮುಚ್ಚಿ ಮುತ್ತಜ್ಜಿಯ ಪಕ್ಕ ಹೋಗಿ ಕೂತಳು.

ಆ ವಾರ ಹಲಸೂರಿನ ಆ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ಟೀ ಅಂಗಡಿಯಲ್ಲಿ ಐವತ್ತರ ಪಕ್ಷ, ನಲವತ್ತೈದರ ಪಕ್ಷ ಎಂದು ಎರಡಾದವು. ನಲವತ್ತೈದರ ಪಕ್ಷದವರಿಗೆ ಯಾಕೆ ನಲವತ್ತೈದು ಎಂದು ಗೊತ್ತಿರಲಿಲ್ಲ. ಪುಸ್ತಕದಲ್ಲಿದೆ ಎನ್ನುವುದಷ್ಟೇ ಅವರ ವಾದ. ಐವತ್ತರ ಪಕ್ಷಕ್ಕೆ ಮುಖ್ಯ ವಕೀಲ ಶಿವಾಜಿನಗರದಲ್ಲಿ ಸೋಫಾ ಹೊಲಿಯುವ ಚಾಂದ್ ಪಾಷಾ. ಮುನೀಂದ್ರನಿಗೆ ಹಳೇ ಗೆಳೆಯ, ವಯಸ್ಸು ಐವತ್ತೊಂದು.

“ಅರೇ, ಚಾಲೀಸ್ ಔರ್ ಸಾಠ್, ಬೀಚ್ ಮೇ ಕ್ಯಾ ಹೈ? ಪಚಾಸ್!” ಎಂದು ಅವನು ಬೆಂಚು ಗುದ್ದುತ್ತಿದ್ದ. “ನಲವತ್ತಕ್ಕೂ ಅರವತ್ತಕ್ಕೂ ಮಧ್ಯ ಐವತ್ತೇ! ನಾನು ಸೋಫಾ ಮಧ್ಯ ಹಿಡಿಯೋನು ಮಾರಾಯಾ. ಮಧ್ಯ ಎಲ್ಲಿರುತ್ತೆ ಅಂತ ನನಗೆ ಹೇಳ್ಕೊಡ್ಬೇಡಿ.”

ತಂಡವೂ ಕೂಡಿತು. ಅರವತ್ತರ ಸರಾಸರಿಗೆ ಮುನೀಂದ್ರನ ಅಪ್ಪ ದೊಡ್ಡಮುನಿಯಪ್ಪ, ಅರವತ್ತೊಂಬತ್ತು. ಅವನ ಜೊತೆಗೆ ಚಾಂದ್ ಪಾಷಾ. ನಲವತ್ತರ ಸರಾಸರಿಗೆ ಮುನೀಂದ್ರ, ಮರ್ಫಿ ಟೌನಿನ ಮಟನ್ ಅಂಗಡಿಯ ಸಕ್ಲೇನ್, ಜೊತೆಗೆ ಶಾಮಿಯಾನ ಕಟ್ಟುವ ನಾಲ್ವರು. ಸಕ್ಲೇನ್ ತೋಳು ಮಡಚಿದರೆ ಅಂಗಿಯ ಹೊಲಿಗೆ ಅಳುತ್ತಿತ್ತು. ಅಂಥವನನ್ನು ನೋಡಿ ಮುನೀಂದ್ರ ಗೆಲುವನ್ನೂ ಮನಸ್ಸಿನಲ್ಲೇ ಬರೆದುಕೊಂಡ.

ಯಮುನಾ ಮಾತ್ರ ಬುಧವಾರವೇ ಹಂಸಳ ಬ್ಯಾಗು ತುಂಬಿಟ್ಟಳು. “ಯಾಕೇ ಈಗ್ಲೇ?” ಎಂದ ಮುನೀಂದ್ರ. “ನಿಮ್ಮ ಲೆಕ್ಕದ ಮೇಲೆ ನಂಗೆ ಅಷ್ಟು ನಂಬಿಕೆ ರೀ,” ಎಂದಳು ಅವಳು. ಮುನೀಂದ್ರ ಬ್ಯಾಗು ಬಿಚ್ಚಿದ. ಅವಳು ಮತ್ತೆ ತುಂಬಿದಳು. ಶನಿವಾರದ ಹೊತ್ತಿಗೆ ಆ ಬ್ಯಾಗಿನ ಜಿಪ್ಪು ಹಾಳಾಯಿತು.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬೀದಿಗೆ ಬೀದಿಯೇ ಹೊರಟಿತು. ಮುನಿಶಾಮಮ್ಮನನ್ನು ಶಾಮಿಯಾನದ ಕೆಂಪು ಕುರ್ಚಿಯ ಸಮೇತ ಆಟೋದಲ್ಲಿ ತಂದು ನೆರಳಿನಲ್ಲಿ ಇಳಿಸಿದರು. ಹಗ್ಗವೂ ಮುನೀಂದ್ರನ ಅಂಗಡಿಯದೇ. ವಯಸ್ಸು ಪರೀಕ್ಷಿಸುವ ಟೇಬಲ್ಲಿನ ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನಿವೃತ್ತ ಗಣಿತದ ಮೇಡಂ ಪದ್ಮಶ್ರೀ ಕೂತಿದ್ದರು. ಅವರನ್ನು ಕಂಡ ಕೂಡಲೇ ಮುನೀಂದ್ರನ ಎಡಗಿವಿ ತಾನಾಗಿಯೇ ಕೆಂಪಾಯಿತು. ಮೂವತ್ತು ವರ್ಷದ ಹಿಂದೆ ಅವರು ಹಿಂಡುತ್ತಿದ್ದದ್ದು ಅದನ್ನೇ.

“ನೀನು ದೊಡ್ಡಮುನಿಯಪ್ಪನ ಮಗ ಅಲ್ವೇನೋ?” ಎಂದರು ಮೇಡಂ, ಎಂಟು ಗುರುತಿನ ಚೀಟಿಗಳನ್ನು ಇಸ್ಪೀಟಿನಂತೆ ಹರಡಿಕೊಂಡು. ಆಮೇಲೆ ಒಂದು ಸಲ ಬೆರಳು ಓಡಿಸಿ, “ನಲವತ್ತೈದು. ಆಗಲ್ಲ. ಮುಂದಿನವರು!” ಎಂದರು.

“ಮೇಡಂ, ಐವತ್ತು ಮೇಡಂ! ಆರು ಜನದ್ದು ನಲವತ್ತು, ಇಬ್ರದು ಅರವತ್ತು!”

“ಅದಕ್ಕೇ ನಲವತ್ತೈದು.”

“ಪುಸ್ತಕದಲ್ಲೂ ಇದೇ ಪ್ರಿಂಟಿಂಗ್ ಮಿಸ್ಟೇಕು ಆಗಿದೆ ಮೇಡಂ!”

ಮೈಕಿನವನು ಇದನ್ನು ಕೇಳಿಸಿಕೊಂಡು, ಹಲಸೂರಿನ ತಂಡ ಪಠ್ಯಪುಸ್ತಕದ ವಿರುದ್ಧ ದೂರು ಕೊಟ್ಟಿದೆ ಎಂದು ಇಡೀ ಮೈದಾನಕ್ಕೆ ಸಾರಿದ. ಮೇಲೆ ಹೋಗುತ್ತಿದ್ದ ಮೆಟ್ರೋದವರಿಗೂ ಕೇಳಿಸಿರಬೇಕು. ಪ್ರೇಮ್‌ಕುಮಾರ್ ಒಂದೇ ಬಣ್ಣದ ಟೀ ಶರ್ಟು ತೊಟ್ಟ ತನ್ನ ಏಳು ಜನರೊಂದಿಗೆ ನಿಂತು, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. “ಹಂಸಾ, ಬ್ಯಾಗ್ ಎಲ್ಲಮ್ಮಾ?”

ಹಂಸಳ ಕಣ್ಣು ಮೈದಾನದ ಮೇಲಿತ್ತು. ಅಲ್ಲಿ ಒಂದು ಮೂಲೆಯಲ್ಲಿ ಬೀದಿಯ ಮಕ್ಕಳು ಮಿಕ್ಕ ಹಗ್ಗವೊಂದನ್ನು ಹಿಡಿದು ಜಗ್ಗಾಡುತ್ತಿದ್ದರು. ಒಂದು ಕಡೆ ಮೂವರು, ಇನ್ನೊಂದು ಕಡೆ ಒಬ್ಬಳು. ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ಮೂವರ ಕಡೆಗೆ ಜಾರುತ್ತಿತ್ತು.

“ಅಪ್ಪಾ!” ಎಂದು ಅವಳು ಕಿರುಚಿದ್ದಕ್ಕೆ ಮುನೀಂದ್ರ ಬೆಚ್ಚಿಬಿದ್ದ. “ಅಲ್ನೋಡು. ಆ ಕೆಂಪು ಬಟ್ಟೆ ಮಧ್ಯ ನಿಲ್ತಾ ಇದೆಯಾ?”

“ಹೇಗೇ ನಿಲ್ಲುತ್ತೆ? ಮೂರು ಜನ ಇರೋ ಕಡೆ ಹೋಗುತ್ತೆ.”

“ನಿನ್ನ ಐವತ್ತೂ ಹಾಗೇ ಅಪ್ಪಾ! ನಲವತ್ತರ ಕಡೆ ಮೂರು ಪಾಲು ಜನ, ಅರವತ್ತರ ಕಡೆ ಒಂದೇ ಪಾಲು. ನಲವತ್ತರೋರು ಎಳ್ಕೊಂಡ್ಬಿಟ್ರು. ಐವತ್ತರಲ್ಲಿ ನಿಲ್ಲೋಕೆ ಬಿಡ್ಲಿಲ್ಲ, ನಲವತ್ತೈದಕ್ಕೆ ತಂದ್ಬಿಟ್ರು!”

ಮುನೀಂದ್ರ ಹಗ್ಗದ ಜೊತೆ ಬದುಕಿದವನು. ಯಾವ ಕಂಬಕ್ಕೆ ಯಾವ ಕಡೆಯಿಂದ ಎಷ್ಟು ಎಳೆತ ಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಕೆಂಪು ಬಟ್ಟೆಯನ್ನು ನೋಡಿದ, ತನ್ನ ತಂಡವನ್ನು ನೋಡಿದ, ಕೊನೆಗೆ ಪದ್ಮಶ್ರೀ ಮೇಡಂ ಕಡೆ ತಿರುಗಿ ಗದರಿಸುವ ದನಿಯಲ್ಲೇ, “ಇದನ್ನ ಪುಸ್ತಕದಲ್ಲಿ ಹೀಗೆ ಬರೆದ್ರೆ ಗಂಟೇನು ಹೋಗ್ತಿತ್ತು ಮೇಡಂ?” ಎಂದ.

ಮೇಡಂ ಹಂಸಳನ್ನೇ ದಿಟ್ಟಿಸುತ್ತಿದ್ದರು. “ಈಗ ನಡೀತಿರೋ ಪಂದ್ಯ ಮುಗಿಯೋವರ್ಗೂ ಟೈಮ್ ಕೊಡ್ತೀನಿ,” ಎಂದರು. “ತಂಡ ಸರಿ ಮಾಡ್ಕೊಂಡ್ ಬನ್ನಿ.”

“ಅದ್ ಹೇಗ್ ಮೇಡಂ?” ಎಂದ ಪ್ರೇಮ್‌ಕುಮಾರ್. “ಟೇಬಲ್ಲಲ್ಲಿ ಒಪ್ಪಲಿಲ್ವಲ್ಲ!”

“ಒಪ್ಬೇಕು ಅಂದ್ರಿ ಮಾವ, ಮೊದಲ್ನೇ ಸಲಾನೇ ಒಪ್ಬೇಕು ಅಂದಿರ್ಲಿಲ್ಲ,” ಎಂದಳು ಹಂಸ. ಎಂಬತ್ತಕ್ಕೆ ಇಪ್ಪತ್ತಾರು ತೆಗೆದ ಹುಡುಗಿಯ ಬಾಯಲ್ಲಿ ಈ ಮಾತು ಬಂದದ್ದು ಕೇಳಿ ಯಮುನಾ ಕೂಡ ಮಗಳ ಕಡೆಗೆ ಒಂದು ಹೆಜ್ಜೆ ಸರಿದಳು.

ಹಂಸ ಕಡ್ಡಿಯೊಂದನ್ನು ಎತ್ತಿಕೊಂಡು ಮಣ್ಣಿನ ಮೇಲೆ ಬರೆಯಲು ಕೂತಳು. “ಎಂಟು ಜನಕ್ಕೂ ತಲಾ ಐದೈದು ವರ್ಷ ಸಾಲದು. ಅಂದ್ರೆ ಒಟ್ಟು ನಲವತ್ತು. ಒಬ್ರು ಹೊರಗೆ ಹೋಗ್ಬೇಕು, ಅವರಿಗಿಂತ ನಲವತ್ತು ವರ್ಷ ದೊಡ್ಡೋರು ಒಳಗೆ ಬರ್ಬೇಕು. ಹೊರಗೆ ಹೋಗೋರ ವಯಸ್ಸು ಎಕ್ಸ್ ಅಂತ ಇಟ್ಕೊಳ್ಳಿ.”

“ಎಕ್ಸ್ ಕೌನ್, ಯಾರು?” ಎಂದ ಚಾಂದ್ ಪಾಷಾ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಕ್ಲೇನನನ್ನು ಎಕ್ಸ್ ಎಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಶಾಮಿಯಾನದ ನಾಲ್ವರು ತಮ್ಮ ಮಾಲೀಕನ ಹೊಟ್ಟೆಯನ್ನು ನೋಡಿದರು. ದೊಡ್ಡಮುನಿಯಪ್ಪನೂ ಮಗನ ಹೊಟ್ಟೆಯನ್ನೇ ನೋಡಿದ. ಹೀಗೆ ತಂಡ ಕಟ್ಟಿದವನೇ, ಹಗ್ಗ ತಂದವನೇ, ಪಂಥ ಹೂಡಿದವನೇ, ಒಂದೇ ಒಂದು ವಿರೋಧವಿಲ್ಲದೆ ಎಕ್ಸ್ ಆಗಿ ಆಯ್ಕೆಯಾದ.

“ಅಪ್ಪಂಗೆ ನಲವತ್ತಾರು,” ಎಂದಳು ಹಂಸ. “ಹಾಗಾದ್ರೆ ಬರೋರಿಗೆ ಎಂಬತ್ತಾರು ಆಗಿರ್ಬೇಕು.”

“ಎಂಬತ್ತಾರರೋರನ್ನ ಎಲ್ಲಿಂದ ತರೋದು?” ಎಂದು ಮುನೀಂದ್ರ ತಲೆ ಮೇಲೆ ಕೈ ಹೊತ್ತ.

“ನಾನೇನು ಸತ್ತೋಗಿದೀನಾ?” ಎಂಬ ದನಿ ಕೆಂಪು ಕುರ್ಚಿಯಿಂದ ಬಂತು.

ಮುನಿಶಾಮಮ್ಮ ಎಲೆಅಡಿಕೆ ಉಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದಳು. “ಗುಂಡುತೋಪಿನ ಬಾವೀಲಿ ದಿನಾ ನೀರು ಸೇದಿದ ಕೈ ಕಣೋ ಇದು. ನೀವೆಲ್ಲಾ ಶೋಕಿಗೆ ಹಗ್ಗ ಹಿಡಿಯೋರು.” ಯಾರೋ ಬೇಡ ಎನ್ನಲು ಬಂದರು. ಅವಳು ಅವರನ್ನು ನೋಡಿದ ನೋಟಕ್ಕೆ ಅವರು ಕುರ್ಚಿ ಮಡಚುವ ನೆಪ ಮಾಡಿಕೊಂಡು ಹೋದರು.

ಟೇಬಲ್ಲಿನ ಹತ್ತಿರ ಬೇರೆ ಗ್ರಹಚಾರ ಕಾದಿತ್ತು. ಗುರುತಿನ ಚೀಟಿಯ ಕ್ಯಾಂಪಿನಲ್ಲಿ ಹುಟ್ಟಿದ ವರ್ಷ ಕೇಳಿದಾಗ ಮುನಿಶಾಮಮ್ಮ, ಕೆರೆ ಕೋಡಿ ಬಿದ್ದ ವರ್ಷ ಎಂದಿದ್ದಳು. ಅಲ್ಲಿದ್ದ ಹುಡುಗ ತನಗೆ ಗೊತ್ತಿದ್ದ ಒಂದು ವರ್ಷವನ್ನು ಒತ್ತಿ, ಜನವರಿ ಒಂದು ಎಂದು ಸೇರಿಸಿ ಕೈ ತೊಳೆದುಕೊಂಡಿದ್ದ. ಚೀಟಿಯ ಪ್ರಕಾರ ಅವಳಿಗೆ ಎಪ್ಪತ್ತೊಂದು.

ಪದ್ಮಶ್ರೀ ಮೇಡಂ ಚೀಟಿಯನ್ನೂ ದೊಡ್ಡಮುನಿಯಪ್ಪನ ಮುಖವನ್ನೂ ಮತ್ತೆ ಮತ್ತೆ ನೋಡಿದರು. “ನಿಮಗೆ ಅರವತ್ತೊಂಬತ್ತು. ನಿಮ್ಮಮ್ಮ ನಿಮಗಿಂತ ಎರಡೇ ವರ್ಷ ದೊಡ್ಡೋರಾ?”

“ಚೀಟಿ ಪ್ರಕಾರ ಹೌದು ಮೇಡಂ,” ಎಂದ ದೊಡ್ಡಮುನಿಯಪ್ಪ. ಸರ್ಕಾರದ ಕಾಗದಕ್ಕೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

“ಎರಡನೇ ವರ್ಷಕ್ಕೇ ಹೆತ್ತೆ ಅಂತ ಬರ್ಕೋ ತಾಯಿ,” ಎಂದು ಮುನಿಶಾಮಮ್ಮ ಟೇಬಲ್ ಕುಟ್ಟಿದಳು. “ಅಂಥಾ ಗಟ್ಟಿಗಿತ್ತಿ ಹಗ್ಗ ಎಳೀಬಾರ್ದು ಅಂತ ಯಾವ ಕಾಯ್ದೇಲಿದೆ?”

“ಎಳೀಬಹುದು ಅಜ್ಜಿ. ಆದ್ರೆ ಚೀಟೀಲಿ ಇರೋದನ್ನೇ ನಾನು ತಗೋಬೇಕು,” ಎಂದರು ಮೇಡಂ. ಅವರ ದನಿಯಲ್ಲೂ ಬೇಸರವಿತ್ತು.

“ನಲವತ್ತಾರು ಹೋಗಿ ಎಪ್ಪತ್ತೊಂದು ಬಂತು. ಸಿಕ್ಕಿದ್ದು ಇಪ್ಪತ್ತೈದು. ಇನ್ನೂ ಹದಿನೈದು ವರ್ಷ ಸಾಲದು,” ಎಂದಳು ಹಂಸ. ಅವಳು ಕೈಯಲ್ಲಿದ್ದ ಕಡ್ಡಿ ಬಿಸಾಕಿದಳು. ಮುನೀಂದ್ರ ಮಗಳ ಪಕ್ಕ ಮಣ್ಣಿನಲ್ಲೇ ಕುಕ್ಕರಿಸಿದ. ಅವನಿಗೆ ಅಳು ಬಂತು. ಜಂಬ ಕೊಚ್ಚಲು ಏನಾದರೂ ಸಿಗುತ್ತದೆಯೋ ಎಂದು ಹುಡುಕಿದ, ಏನೂ ಸಿಗಲಿಲ್ಲ.

ಪ್ರೇಮ್‌ಕುಮಾರ್ ಕಾರಿನ ಡಿಕ್ಕಿ ತೆಗೆದ.

ಆಗ ಡಿಕ್ಕಿಯ ಪಕ್ಕದ ಮಡಿಸುವ ಕುರ್ಚಿಯಲ್ಲಿ, ಮೊಣಕಾಲಿಗೆ ಶಾಲು ಹೊದ್ದು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದ ಪಟಾಲಮ್ಮ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದಳು. ಮೈದಾನವನ್ನು ಅಡ್ಡ ಹಾಯ್ದು ಹಲಸೂರಿನವರ ನಡುವೆ ಬಂದು ನಿಂತಳು.

“ನಂಗೆ ಎಪ್ಪತ್ತೆರಡು. ನನ್ನ ಹಾಕ್ಕೊಂಡು ಲೆಕ್ಕ ಮಾಡು ಮಗಾ.”

“ಅಮ್ಮಾ!” ಎಂದ ಪ್ರೇಮ್‌ಕುಮಾರನ ದನಿ ಮೈಕನ್ನೂ ಮೀರಿಸಿತು. “ಕೂತ್ಕೋ ಅಮ್ಮಾ, ಬೀಳ್ತೀಯಾ!”

“ಅದೇ ಮಾತು! ಹನ್ನೊಂದನೇ ಮಹಡೀಲಿ ಎರಡು ವರ್ಷದಿಂದ ಅದೇ ಮಾತು,” ಎಂದು ಪಟಾಲಮ್ಮ ತಿರುಗಿ ನಿಂತಳು. “ಕೂತ್ಕೋ ಅಮ್ಮಾ, ಏಳ್ಬೇಡ ಅಮ್ಮಾ. ಇರೋದು ಒಂದು ಕುರ್ಚಿ, ಒಂದು ಕಿಟಕಿ. ಈ ಮಗೂನೂ ಕರ್ಕೊಂಡೋಗಿ ಇನ್ನೊಂದು ಕುರ್ಚೀಲಿ ಕೂರ್ಸ್ತೀಯೇನೋ? ನಾನು ಬಿಡಲ್ಲ.”

ಹಂಸ ಬಿಸಾಕಿದ ಕಡ್ಡಿಯನ್ನು ಮತ್ತೆ ಎತ್ತಿಕೊಂಡಳು. ಎರಡನೇ ಎಕ್ಸ್ ಬೇಕಾಗಿತ್ತು. ಚಾಂದ್ ಪಾಷಾ ಕೇಳುವ ಮೊದಲೇ ಕೈ ಎತ್ತಿ, “ಮೇರಾ ಘುಟ್ನಾ ಖರಾಬ್ ಹೈ, ಮಂಡಿ ನೋವು. ನಂದೇ ವಯಸ್ಸು ತಗೊಳ್ಳಿ,” ಎಂದ. ಐವತ್ತೊಂದು ಹೋಗಿ ಎಪ್ಪತ್ತೆರಡು ಬಂತು. ಇಪ್ಪತ್ತೊಂದು ಸಿಕ್ಕಿತು. ಬೇಕಿದ್ದದ್ದು ಹದಿನೈದೇ.

ಪದ್ಮಶ್ರೀ ಮೇಡಂ ಒಂದು ಸಲ ಕೂಡಿದರು, ಇನ್ನೊಂದು ಸಲ ಕೂಡಿದರು. “ಐವತ್ತರ ಮೇಲೆ ಮುಕ್ಕಾಲು. ಒಪ್ಪಿದೆ!” ಎಂದು ಎದ್ದು ನಿಂತರು. ಹಲಸೂರಿನವರು ಹಾಕಿದ ಕೂಗಿಗೆ ಕೆರೆಯ ಬಾತುಗಳು ಎದ್ದು ಹೋದವು. ಇಷ್ಟರ ನಡುವೆ ಮುನಿಶಾಮಮ್ಮ ಪಟಾಲಮ್ಮನ ಚೀಟಿಯನ್ನು ಓದಿಸಿ ಕೇಳಿ, “ಅಲ್ಲಿಗೆ ನೀನು ನನಗಿಂತ ದೊಡ್ಡೋಳಾದೆ. ಇನ್ಮೇಲೆ ನಿನ್ನ ಅಕ್ಕಾ ಅಂತೀನಿ,” ಎಂದಳು. ಹೋದ ಹಬ್ಬದಲ್ಲಷ್ಟೇ ಅವಳ ಕಾಲಿಗೆ ಬಿದ್ದಿದ್ದ ಪಟಾಲಮ್ಮ ನಾಚಿ ನೀರಾದಳು.

“ಸರಿ, ಲೆಕ್ಕ ಪಾಸು,” ಎಂದ ಪ್ರೇಮ್‌ಕುಮಾರ್. ಸೋಲು ಒಪ್ಪಿಕೊಳ್ಳುವುದು ಅವನ ಸಂಘದ ನಿಯಮಾವಳಿಯಲ್ಲಿ ಇರಲಿಲ್ಲ. “ಆದ್ರೆ ಹಗ್ಗ ಗೆದ್ರೇನೇ ಹಂಸ ಇಲ್ಲಿ.”

“ಗೆಲ್ತೀವಿ!” ಎಂದ ಮುನೀಂದ್ರ, ಹಗ್ಗಕ್ಕೆ ಕೈ ಹಚ್ಚುವ ಹಕ್ಕಿಲ್ಲದವನು.

ಎರಡೂ ತಂಡ ನಿಂತವು. ಆ ಕಡೆ ಮುಂದೆ ಪ್ರೇಮ್‌ಕುಮಾರ್. ಈ ಕಡೆ ಮುಂದೆ, ಬೇಡವೆಂದರೂ ಕೇಳದೆ, ಅವನ ಮೂಗಿಗೆ ಮೂಗು ಕೊಟ್ಟು ಪಟಾಲಮ್ಮ. ನಡುವೆ ಮುನಿಶಾಮಮ್ಮ, ಅವಳ ಹಿಂದೆ ಅವಳಿಗಿಂತ ಎರಡೇ ವರ್ಷ ಚಿಕ್ಕ ಮಗ. ಕೊನೆಯಲ್ಲಿ ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡ ಸಕ್ಲೇನ್. ಪಕ್ಕದಲ್ಲಿ ಮುನೀಂದ್ರ ಕುಣಿಯುತ್ತ, ಐಲೇಸಾ ಎನ್ನುವ ಜಾಗದಲ್ಲಿ “ಐವತ್ತು! ಐವತ್ತು!” ಎಂದು ಕೂಗುತ್ತಿದ್ದ. ಪುಸ್ತಕ ಸೋತಿಲ್ಲ ನಿಜ, ಆದರೆ ಅವನೂ ಸೋತಿರಲಿಲ್ಲ.

ಸೀಟಿ ಕೂಗಿತು. ಜಿಮ್ಮಿನಲ್ಲಿ ಬೆಳೆದ ಮಹದೇವಪುರದ ಮೈಗಳು ಹಿಂದಕ್ಕೆ ವಾಲಿದವು. ಕೆಂಪು ಬಟ್ಟೆ ಅವರ ಕಡೆ ಜಾರಿತು. ಪಟಾಲಮ್ಮನ ಚಪ್ಪಲಿ ಒಂದು ಕಳಚಿತು. ಅವಳು ಇನ್ನೊಂದನ್ನೂ ಒದೆದು ಬರಿಗಾಲೂರಿ, ಮಗನ ಕಣ್ಣಲ್ಲಿ ಕಣ್ಣಿಟ್ಟಳು.

“ಎಳೀ ಮಗನೇ. ಹಾಲು ಕುಡ್ಸಿದ್ದು ಇದಕ್ಕೇ ಅಲ್ವಾ? ಎಳೀ!”

“ಅಮ್ಮಾ, ಕೈ ಬಿಡಮ್ಮಾ, ನಿಂಗೆ ಬಿಪಿ ಇದೆ!”

“ನಾನು ಬಿಡಲ್ಲ. ನೀನು ಬಿಡು.”

ಪ್ರೇಮ್‌ಕುಮಾರ್ ಎಂಥವನೇ ಆಗಲಿ, ತಾಯಿಯ ಮೇಲೆ ಪ್ರಾಣ ಇಟ್ಟವನು. ಅವಳ ಅಂಗಾಲು ಮಣ್ಣಿನಲ್ಲಿ ಉಜ್ಜಿಕೊಂಡು ಬರುವುದನ್ನು ಅವನಿಂದ ನೋಡಲಾಗಲಿಲ್ಲ. “ಸ್ಟಾಪ್! ನಿಧಾನ! ಎಲ್ಲಾರೂ ಸ್ಟಾಪ್!” ಎಂದು ತಲೆ ಹಿಂದಕ್ಕೆ ತಿರುಗಿಸಿ ಕಿರುಚಿದ. ಅವನ ತಂಡದವರು ಶಿಸ್ತಿನ ಜನ, ಮೀಟಿಂಗುಗಳಲ್ಲಿ ಪಳಗಿದವರು. ಏಳೂ ಜನ ಒಂದೇ ಸಲಕ್ಕೆ ನಿಲ್ಲಿಸಿದರು.

ಸಕ್ಲೇನ್ ಮೀಟಿಂಗಿಗೆ ಹೋದವನಲ್ಲ. ಅವನು ನಿಲ್ಲಿಸಲಿಲ್ಲ.

ಮಹದೇವಪುರದ ಎಂಟೂ ಜನ ಗೆರೆ ದಾಟಿ ಬಂದು ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರಿಗಿಂತ ಅಡಿಯಲ್ಲಿದ್ದ ಪ್ರೇಮ್‌ಕುಮಾರ್, “ಮೇಡಂ, ಇದು ಮೋಸ! ನಮ್ಮಮ್ಮನ್ನ ಮುಂದೆ ನಿಲ್ಸಿದ್ರು!” ಎಂದು ಕೂಗಿದ. ಪದ್ಮಶ್ರೀ ಮೇಡಂ ನಿಯಮದ ಹಾಳೆಯನ್ನು ತಿರುಗಿಸಿ ನೋಡಿ, “ಎದುರಾಳಿಯ ತಾಯಿ ಬರಬಾರ್ದು ಅಂತ ಎಲ್ಲೂ ಬರೆದಿಲ್ಲಪ್ಪಾ,” ಎಂದರು.

ಅಂದು ಸಂಜೆ ಪ್ರೇಮ್‌ಕುಮಾರನ ಕಾರು ಮಹದೇವಪುರಕ್ಕೆ ಹೋಗುವಾಗ ಅದರಲ್ಲಿ ಅವನೊಬ್ಬನೇ ಇದ್ದ. ಹಂಸ ಹೋಗಲಿಲ್ಲ. ಪಟಾಲಮ್ಮನೂ ಹೋಗಲಿಲ್ಲ. “ವಾರಕ್ಕೊಂದ್ ಸಲ ಬಂದು ನೋಡ್ಕೊಂಡ್ ಹೋಗು. ಬರುವಾಗ ನನ್ನ ಸೀರೆ ತಗೊಂಡ್ಬಾ, ಕುರ್ಚಿ ಬೇಡ,” ಎಂದು ಅವಳು ಕಾರಿನ ಕಿಟಕಿಯಲ್ಲಿ ಹೇಳಿ ಕಳಿಸಿದಳು. ಯಮುನಾ ಜಿಪ್ಪು ಹಾಳಾದ ಬ್ಯಾಗನ್ನು ಕೊನೆಯ ಸಲ ಬಿಚ್ಚಿದಳು.

ಊಟವಾದ ಮೇಲೆ ಮುನೀಂದ್ರ ಕಾಲು ಚಾಚಿ ಕೂತು, “ನೋಡ್ದೇನೇ ಹಂಸಾ, ನಾನು ಮೊದಲಿಂದ್ಲೂ ಹೇಳ್ತಿದ್ದಿದ್ದು ಅದೇ, ಐವತ್ತು ಅಂತ,” ಎಂದ. ಅದೇ ಧೈರ್ಯದಲ್ಲಿ, “ಈಗ ಒಂದು ಲೆಕ್ಕ ಕೊಡ್ತೀನಿ. ನಮ್ಮನೇ ಆರೂ ಜನರ ಸರಾಸರಿ ವಯಸ್ಸು ಎಷ್ಟು?” ಎಂದು ಕೇಳಿದ.

ಹಂಸ ಪೆನ್ಸಿಲ್ ತಗೊಂಡಳು. “ಅಪ್ಪ ನಲವತ್ತಾರು, ಅಮ್ಮ ನಲವತ್ತೆರಡು, ನಾನು ಹದಿನೈದು, ತಾತ ಅರವತ್ತೊಂಬತ್ತು, ಅಜ್ಜಿ ಎಪ್ಪತ್ತೆರಡು, ಮುತ್ತಜ್ಜಿ ಎಪ್ಪತ್ತೊಂದು...”

“ಏಯ್!” ಎಂದಳು ಹಾಸಿಗೆಯಲ್ಲಿ ಮಲಗಿದ್ದ ಮುನಿಶಾಮಮ್ಮ. “ಚೀಟಿಯವನ ವಯಸ್ಸು ಟೇಬಲ್ ಹತ್ರ ಮುಗೀತು. ಈ ಮನೇಲಿ ನನ್ನ ಸ್ವಂತದ್ದೇ ಹಾಕ್ಬೇಕು.”

“ನಿನ್ನ ಸ್ವಂತದ್ದು ಎಷ್ಟು ಮುತ್ತಜ್ಜಿ?”

ಮುನಿಶಾಮಮ್ಮ ತನ್ನ ಸೆರಗಿನ ತುದಿಯನ್ನು ಹುಡುಗಿಯ ಕೈಗೆ ಕೊಟ್ಟು, ಗೋಡೆಯ ಕಡೆ ಮಗ್ಗುಲಾದಳು.

“ಎಕ್ಸ್ ಅಂತ ಇಟ್ಕೋ,” ಎಂದಳು. “ಕಂಡುಹಿಡಿಯೋಕೆ ಮಾತ್ರ ಬರ್ಬೇಡ.”